ಫಿಲ್ಮಿನ ಮೇಲೆ ಮೂಡುವ ಪಟ್ಟೆಗಳು

ಮನೆಯಲ್ಲಿಯೇ ಫಿಲ್ಮು ತೊಳೆಯುವ ಹವ್ಯಾಸವುಳ್ಳವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಒದ್ದೆ ಸುರುಳಿಯನ್ನು ಬೆಳಕಿಗೆ ಹಿಡಿಯುತ್ತೇವೆ. ಚಿತ್ರವೇನೋ ಬಂದಿದೆ, ಆದರೆ ಅದರ ಮೇಲೆ ಪಟ್ಟೆ ಬಿದ್ದಿದೆ!

ನನ್ನ ತಂಗಿಯ ಮದುವೆಯ ಸುರುಳಿಗೂ ಹೀಗೆಯೇ ಆಯಿತು. ಬಿಳಿಯ ರುಮಾಲು ಸುತ್ತಿ ನಿಂತಿದ್ದ ತಂದೆಯವರ ಮುಖದ ಮೇಲೆ ಕಪ್ಪು ನೆರಳೊಂದು ಇಳಿದಿತ್ತು. ಹಳೆಯ ಫಿಲ್ಮು ಕೊಟ್ಟನೆಂದು ಅಂಗಡಿಯವನನ್ನು ಬೈದುಕೊಂಡೆ. ತಪ್ಪು ನನ್ನದೇ ಎಂದು ತಿಳಿದದ್ದು ಆಮೇಲೆ.

ಪಟ್ಟೆ ಎಲ್ಲಿಂದ ಹೊರಟಿದೆ, ಎತ್ತ ಹರಿದಿದೆ, ನೆಗೆಟಿವ್‌ನಲ್ಲಿ ಕಪ್ಪೋ ತಿಳಿಯೋ—ಇಷ್ಟನ್ನು ನೋಡಿದರೆ ಕಾರಣ ತಾನಾಗಿಯೇ ಹೊರಬೀಳುತ್ತದೆ.

ಹೆಚ್ಚು ಬೆಳಕು ಬಿದ್ದ ಕಡೆ ಡೆವಲಪರ್ ಹೆಚ್ಚು ಕೆಲಸ ಮಾಡುತ್ತದೆ. ಆಗ ಬ್ರೋಮೈಡು ಹೊರಬರುತ್ತದೆ. ಡಬ್ಬಿಯನ್ನು ಅಲ್ಲಾಡಿಸದಿದ್ದರೆ ಅದು ಫಿಲ್ಮಿನ ಮೇಲೆ ಕೆಳಗಿಳಿಯುತ್ತಾ, ಹೋದ ದಾರಿಯಲ್ಲೆಲ್ಲ ಡೆವಲಪರಿನ ಕೆಲಸವನ್ನು ತಡೆಯುತ್ತದೆ. ಆ ಜಾಗ ನೆಗೆಟಿವ್‌ನಲ್ಲಿ ತಿಳಿ, ಪ್ರಿಂಟಿನಲ್ಲಿ ಕಪ್ಪು. ನಾನು ಅಂದು ಡಬ್ಬಿಯನ್ನು ಬದಿಗಿಟ್ಟು ರೇಡಿಯೋ ವಾರ್ತೆ ಕೇಳುತ್ತಾ ಕುಳಿತಿದ್ದೆ!

ಹಾಗೆಂದು ಸಿಕ್ಕಾಪಟ್ಟೆ ಕುಲುಕಲೂ ಬಾರದು. 35 ಮಿ.ಮೀ. ಫಿಲ್ಮಿನ ಅಂಚಿನ ರಂಧ್ರಗಳಲ್ಲಿ ದ್ರವ ರಭಸದಿಂದ ನುಗ್ಗಿದರೆ, ಒಂದೊಂದು ರಂಧ್ರದ ಎದುರಿಗೂ ನೆಗೆಟಿವ್‌ನಲ್ಲಿ ಕಪ್ಪು ಪಟ್ಟೆ ಮೂಡುತ್ತದೆ. ಮೊದಲ ಅರ್ಧ ನಿಮಿಷ ನಿಧಾನವಾಗಿ ಮಗುಚುತ್ತಿರಿ. ಅನಂತರ ನಿಮಿಷಕ್ಕೊಮ್ಮೆ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿದರೆ ಸಾಕು. ಗುಳ್ಳೆಗಳು ಬಿಡಲೆಂದು ಡಬ್ಬಿಯನ್ನು ಮೆಲ್ಲಗೆ ಕುಟ್ಟಿರಿ.

ಬೇಸಗೆಯಲ್ಲಿ ಇನ್ನೊಂದು ತೊಡಕು. ನೀರು ಬೆಚ್ಚಗಾದಷ್ಟೂ ಡೆವಲಪ್ ಮಾಡುವ ಅವಧಿ ಕಡಮೆಯಾಗುತ್ತದೆ. ಐದು ನಿಮಿಷಕ್ಕಿಂತ ಇಳಿದರೆ ದ್ರವ ಎಲ್ಲ ಕಡೆಗೂ ಸಮನಾಗಿ ಕೆಲಸ ಮಾಡಲು ಸಮಯವಿರುವುದಿಲ್ಲ. ಸೀಸೆಗಳನ್ನು ಮಂಜುಗಡ್ಡೆ ಹಾಕಿದ ಬೋಗುಣಿಯಲ್ಲಿಟ್ಟು 20 ಡಿಗ್ರಿ ಸೆಂಟಿಗ್ರೇಡಿಗೆ ತನ್ನಿರಿ. ಡೆವಲಪರನ್ನು ನಡುವೆ ನಿಲ್ಲಿಸದೆ, ಒಂದೇ ಬೀಸಿಗೆ ಸುರಿಯಿರಿ.

ಕಪ್ಪು ಪಟ್ಟೆ ಚಿತ್ರದ ಚೌಕಟ್ಟನ್ನು ದಾಟಿ ಫಿಲ್ಮಿನ ಅಂಚಿಗೂ ಹಬ್ಬಿದ್ದರೆ ದೋಷ ಬಹುಮಟ್ಟಿಗೆ ದ್ರವದ್ದಲ್ಲ. ಕ್ಯಾಮೆರಾದ ಹಿಂಬಾಗಿಲನ್ನೋ ಡಬ್ಬಿಯ ಮುಚ್ಚಳವನ್ನೋ ಪರೀಕ್ಷಿಸಿರಿ. ಬೆಳಕು ನುಸುಳಿರಬೇಕು.

ಎರಡು ಬಗೆಯ ಪಟ್ಟೆಗಳಿಗೆ ಮಾತ್ರ ಪರಿಹಾರವುಂಟು. ಹಾಲಿನಂತೆ ಮಬ್ಬಾಗಿದ್ದರೆ ಹೈಪೋ ಸಾಲದು ಎಂದರ್ಥ. ಹೊಸ ಹೈಪೋವಿನಲ್ಲಿ ಮತ್ತೆ ಮುಳುಗಿಸಿ, ಚೆನ್ನಾಗಿ ತೊಳೆಯಿರಿ. ಹೊಳೆಯುವ ಬದಿಯಲ್ಲಿ, ಓರೆಯಾಗಿ ಹಿಡಿದಾಗ ಕಾಣುವ ಬಿಳಿಯ ಗೆರೆಗಳು ಕೊಳವೆಬಾವಿಯ ಗಡಸು ನೀರಿನ ಲವಣ. ಫಿಲ್ಮನ್ನು ಮತ್ತೆ ನೆನೆಸಿ, ಆ ಬದಿಯನ್ನು ಮಾತ್ರ ಮೃದುವಾದ ಬಟ್ಟೆಯಿಂದ ಒರಸಿರಿ. ಕೊನೆಯ ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ತೂಗುಹಾಕಿದರೆ ಗೆರೆ ಬೀಳುವುದು ಅಪರೂಪ.

ಉಳಿದ ಪಟ್ಟೆಗಳು ಬಿದ್ದರೆ ಬಿದ್ದಂತೆಯೇ. ಆದುದರಿಂದ ಮದುವೆ, ನಾಮಕರಣಗಳ ಸುರುಳಿಗೆ ಕೈ ಹಚ್ಚುವ ಮುನ್ನ ಬೇರೊಂದು ಸುರುಳಿಯ ಮೇಲೆ ಕೈ ಪಳಗಿಸಿಕೊಳ್ಳಿರಿ. ತಂದೆಯವರ ಆ ಚಿತ್ರ ಇಂದಿಗೂ ನಮ್ಮ ನಡುಮನೆಯ ಗೋಡೆಯ ಮೇಲಿದೆ, ಪಟ್ಟೆಯ ಸಮೇತ.