ಬಾಳಿಕೆ ಬಂದ ಸಾಮಾನು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು ಎಂಬುದು ವಾರ್ಷಿಕ ವರದಿಯಲ್ಲಿದೆ. ಅದನ್ನು ಮತ್ತೆ ಓದಿ ತಮ್ಮ ಸಮಯ ಕಳೆಯುವುದಿಲ್ಲ. ನಾವು ಇವತ್ತು ಹೇಳಬೇಕೆಂದಿರುವುದು ಬೇರೊಂದು ಲೆಕ್ಕ. ನಮ್ಮ ಮನೆಗಳಿಗೆ ಬಂದ ಸಾಮಾನುಗಳಲ್ಲಿ ಯಾವುದು ಬಾಳಿಕೆ ಬಂತು, ಯಾಕೆ ಬಂತು ಅನ್ನುವ ಲೆಕ್ಕ. ಈಗೀಗ ಬೆಳೆಸಾಲಕ್ಕಿಂತ ಯಂತ್ರದ ಸಾಲ ಕೇಳುವ ಯುವಕರು ಜಾಸ್ತಿ. ಕೊಂಡ ಯಂತ್ರ ದುಡಿದರೆ ಸಾಲ ತಾನೇ ತೀರುತ್ತದೆ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದರೆ ಕಂತು ಕಟ್ಟಬೇಕಾದವರು ಮನೆಯ ಹೆಣ್ಣುಮಕ್ಕಳ ಒಡವೆ ಅಡವಿಡಬೇಕಾಗುತ್ತದೆ. ಆದ್ದರಿಂದ ಇದು ಸಣ್ಣ ಮಾತಲ್ಲ.

ಕೊಳ್ಳುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಮೊದಲು ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪು ಸುಲ್ತಾನರ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆದ ತಳಿ ಇದು. ದಂಡಿನ ಫಿರಂಗಿ ಎಳೆದ ಎತ್ತುಗಳು. ಅಲ್ಲಿ ಹೋರಿಕರುಗಳ ಹರಾಜಿಗೆ ಬರುವ ರೈತರನ್ನು ನೋಡಿ. ಕೂಗುವ ಮೊದಲು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇಷ್ಟು ನೋಡಿ ಹೋರಿ ಕೊಳ್ಳುವ ನಾವು ಯಂತ್ರ ಕೊಳ್ಳುವಾಗ ಬಣ್ಣ ನೋಡಿ, ಸಬ್ಸಿಡಿ ಎಷ್ಟು ಅಂತ ಕೇಳಿ ಸುಮ್ಮನಾದರೆ ಹೇಗೆ?

ಹಾಗಂತ ಹೊಸದನ್ನೆಲ್ಲಾ ಬೇಡ ಅನ್ನುವುದೂ ತಪ್ಪು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದು ರೈತರು ಹತ್ತಿರ ಸೇರಿಸಲಿಲ್ಲವಂತೆ. ಹೊಲದಲ್ಲಿ ಹೂಡಿ ನೋಡಿದ ಮೇಲೆ ನಂಬಿಕೆ ಬಂತು. ಮೇವು ಕತ್ತರಿಸುವ ಯಂತ್ರವಂತೂ ಮಳೆ ಕೈಕೊಡುವ ಕಡೂರು ಕಡೆಗೆ ಹೇಳಿ ಮಾಡಿಸಿದ್ದು. ಜೋಳದ ಕಡ್ಡಿಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆ ಸೇರುತ್ತದೆ. ಬರಗಾಲದಲ್ಲಿ ಒಂದು ಬಣವೆ ಇನ್ನೂ ಕೆಲವು ವಾರ ಎಳೆಯುವುದು ಇಂಥದ್ದರಿಂದಲೇ. ಅಲಗು ಮೊಂಡಾದರೆ ಊರಿನ ಕುಲುಮೆಯಲ್ಲೇ ಸಾಣೆ ಹಿಡಿಸಬಹುದು.

ತರೀಕೆರೆ ಕಡೆಯ ತೋಟದವರನ್ನು ಕೇಳಿದರೆ ಔಷಧಿ ಹೊಡೆಯುವ ಕೈಪಂಪಿನ ಹೆಸರು ಹೇಳುತ್ತಾರೆ. ಹಿಂದೆ ಅಡಿಕೆಗೆ ಕೊಳೆ ಬಂದರೆ ಗೊನೆಗೆ ಕೊಟ್ಟೆ ಕಟ್ಟುವುದೇ ದಾರಿ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ವರ್ಷ ದಾಟಿದರೂ ಅದೇ ಔಷಧಿ ನಡೆಯುತ್ತಿದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ನೋಡಲು ಉಜ್ಜಿದ ಕುಡುಗೋಲಿನ ತುದಿ ಅದ್ದಿದರೆ ಸಾಕು. ಕಬ್ಬಿಣದ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ.

ಈ ಕೈಪಂಪಿಗೆ ಪೆಟ್ರೋಲ್ ಬೇಡ, ಕರೆಂಟ್ ಬೇಡ. ವಾಷರ್ ಸವೆದರೆ ಪೇಟೆಯ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ಮೈಲುತುತ್ತ ಲೋಹವನ್ನು ತಿನ್ನುವ ವಸ್ತು. ಆದ್ದರಿಂದ ಸಂಜೆ ಎಷ್ಟೇ ದಣಿವಾದರೂ ಎರಡು ಕೊಡ ಒಳ್ಳೆಯ ನೀರು ಹಾಯಿಸಿ ತೊಳೆದಿಟ್ಟವರ ಪಂಪು ಮಗನ ಕಾಲಕ್ಕೂ ಬರುತ್ತದೆ. ತೊಳೆಯದವರದು ಮರುವರ್ಷಕ್ಕೇ ಗುಜರಿ. ಪಂಪು ಒಂದೇ, ಕೈ ಬೇರೆ ಬೇರೆ. ಬಾಳಿಕೆಯ ಅರ್ಧ ಗುಟ್ಟು ಇದರಲ್ಲಿದೆ.

ಇನ್ನೆರಡು ಸಾಮಾನುಗಳನ್ನು ಹೆಸರಿಸಲೇಬೇಕು. ಒಂದು, ತೂಕದ ಯಂತ್ರ. ಈರುಳ್ಳಿ ಬೆಳೆಯುವ ಅಜ್ಜಂಪುರದವರಿಗೂ, ಕೊಬ್ಬರಿ ಮಾರುವ ಕಡೂರು, ಬೀರೂರಿನವರಿಗೂ ತೂಕವೇ ಜೀವ. ಮನೆಯಲ್ಲಿ ಅಥವಾ ಸಂಘದಲ್ಲಿ ತೂಗಿಸಿ, ಚೀಟಿ ಜೇಬಿನಲ್ಲಿಟ್ಟುಕೊಂಡು ಮಂಡಿಗೆ ಹೋದವರ ಮಾತಿಗೆ ಬಲವಿರುತ್ತದೆ. ಕಾಲಕಾಲಕ್ಕೆ ಇಲಾಖೆಯ ಮುದ್ರೆ ಹಾಕಿಸುವುದನ್ನು ಮಾತ್ರ ಮರೆಯಬಾರದು. ಎರಡು, ಟಾರ್ಪಾಲಿನ್. ಕಣದಲ್ಲಿ ರಾಗಿ ಇದ್ದಾಗ, ಅಂಗಳದಲ್ಲಿ ಅಡಿಕೆ ಹರವಿದ್ದಾಗ ಮೋಡ ಕಟ್ಟಿದರೆ ಅದರ ಬೆಲೆ ತಿಳಿಯುತ್ತದೆ. ಒಂದು ಸಂಜೆಯ ಮಳೆಯಲ್ಲಿ ಕೊಂಡ ದುಡ್ಡು ವಾಪಸ್ಸು.

ಮನೆಯೊಳಗಿನ ಮಾತಿಗೆ ಬಂದರೆ, ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾದ ಮೇಲೆ ನಮ್ಮ ಸೀಮೆಯಲ್ಲಿ ರೇಡಿಯೋ ಬರೀ ಹಾಡಿನ ಪೆಟ್ಟಿಗೆಯಾಗಿ ಉಳಿಯಲಿಲ್ಲ. ಹವಾಮಾನ, ಪೇಟೆಧಾರಣೆ, ಕೃಷಿ ಸಲಹೆ ಎಲ್ಲ ಅದರಲ್ಲೇ ಬಂದವು. ಬೆಂಗಳೂರಿನಲ್ಲಿ 1961ರಲ್ಲಿ ತಯಾರಾಗತೊಡಗಿದ ಎಚ್.ಎಂ.ಟಿ. ಕೈಗಡಿಯಾರವನ್ನು ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಮನೆಗಳೆಷ್ಟೋ. ಆ ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಆದರೆ ಬೆಳಿಗ್ಗೆ ಎದ್ದು ಕೀಲಿ ಕೊಟ್ಟರೆ ಓಡುವ ಗಡಿಯಾರಗಳು ಈಗಲೂ ಹಿರಿಯರ ಕೈಯಲ್ಲಿವೆ. ಇನ್ನು ಹೊಲಿಗೆ ಯಂತ್ರ. ದಿನಕ್ಕೊಂದು ತೊಟ್ಟು ಎಣ್ಣೆ, ಆಗಾಗ ಒಂದು ಬೆಲ್ಟು, ಇಷ್ಟೇ ಅದು ಕೇಳುವುದು. ಹೊಲದಲ್ಲಿ ಬೆಳೆ ಹೋದ ವರ್ಷವೂ ರವಿಕೆ ಹೊಲಿಯುವ ಕೆಲಸ ಇದ್ದೇ ಇರುತ್ತದೆ. ಮಕ್ಕಳ ಶಾಲೆಯ ಖರ್ಚನ್ನು ಅದರಿಂದಲೇ ತೂಗಿಸಿದ ತಾಯಂದಿರು ಈ ಸಭೆಯಲ್ಲೇ ಕೂತಿದ್ದಾರೆ. ಅವರಿಗೆ ನಮ್ಮ ನಮಸ್ಕಾರ.

ಈಗ ದೊಡ್ಡ ಯಂತ್ರಗಳ ಲೆಕ್ಕ. ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಗೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ, ಎಲ್ಲವೂ ಬೇಕಾದವೇ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟವಾಗಿರುವಾಗ ದೋಟಿ ಜೀವ ಉಳಿಸುವ ವಸ್ತುವೂ ಹೌದು. ಆದರೆ ಒಂದು ಉದಾಹರಣೆ ತೆಗೆದುಕೊಳ್ಳೋಣ. 80,000 ರೂಪಾಯಿಯ ಯಂತ್ರ ನಮ್ಮ ತೋಟದಲ್ಲಿ ವರ್ಷಕ್ಕೆ 8 ದಿನ ದುಡಿಯುತ್ತದೆ ಎನ್ನಿ. 10 ವರ್ಷಕ್ಕೆ 80 ದಿನ. ದಿನಕ್ಕೆ 1,000 ರೂಪಾಯಿ ಬಿತ್ತು. ಬಡ್ಡಿ, ಎಣ್ಣೆ, ರಿಪೇರಿ ಬೇರೆ. ಅದನ್ನೇ ಐದು ಮನೆಯವರು ಸೇರಿ ಕೊಂಡರೆ ದಿನಕ್ಕೆ 200 ರೂಪಾಯಿ. ಸವಕಳಿ ಸ್ವಲ್ಪ ಜಾಸ್ತಿ ಆದೀತು, ನಿಜ. ಆದರೂ ಒಬ್ಬನ ತಲೆಯ ಮೇಲಿನ ಹೊರೆ ಐದು ಪಾಲಾಯಿತಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಐದು ಜನ ಸೇರಿದರೆ ಹಾಸಿಗೆಯೇ ದೊಡ್ಡದಾಗುತ್ತದೆ. ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಹಿಂದಿರುವುದೂ ಇದೇ ವಿಚಾರ.

ಆದುದರಿಂದ ಸಾಲದ ಅರ್ಜಿ ಬರೆಯುವ ಮೊದಲು ಮನೆಮಂದಿಯೆಲ್ಲ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ನಮ್ಮ ವಿನಂತಿ. ಇದು ವರ್ಷಕ್ಕೆ ಎಷ್ಟು ದಿನ ದುಡಿಯುತ್ತದೆ? ಕೆಟ್ಟರೆ ಕಡೂರು, ತರೀಕೆರೆ, ಅಜ್ಜಂಪುರದಲ್ಲೇ ರಿಪೇರಿಯಾಗುತ್ತದೆಯೋ, ಬಿಡಿಭಾಗಕ್ಕೆ ಬೆಂಗಳೂರಿಗೇ ಓಡಬೇಕೋ? ಒಬ್ಬರೇ ಕೊಳ್ಳಬೇಕೋ, ಸೇರಿ ಕೊಳ್ಳಬಹುದೋ? ಮೂರಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ಬನ್ನಿ, ಸಂಘ ನಿಮ್ಮ ಜೊತೆಗಿದೆ. ಉತ್ತರ ಸಿಗದಿದ್ದರೆ ಒಂದು ಹಂಗಾಮು ತಡೆಯಿರಿ, ಬಾಡಿಗೆಗೆ ತಂದು ನೋಡಿ. ಯಂತ್ರ ಎಲ್ಲಿಗೂ ಓಡಿಹೋಗುವುದಿಲ್ಲ.

ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಲದ ಸುಳಿಗೆ ಸಿಕ್ಕಿ ಜಮೀನು ಕಳೆದುಕೊಳ್ಳಬಾರದು ಎಂದೇ. ಆ ಮಾತನ್ನು ಉಳಿಸಬೇಕಾದರೆ ಸಾಲ ಕೊಟ್ಟರೆ ಸಾಲದು, ಸಾಲ ಯಾವ ಸಾಮಾನಾಗಿ ಮನೆ ಸೇರಿತು ಎಂಬುದನ್ನೂ ಸಂಘ ನೋಡಬೇಕು. ಈ ಬೆಳ್ಳಿಹಬ್ಬದ ನೆನಪಿಗೆ ನಾವು ಸಭೆಯ ಮುಂದಿಡುವ ಸಲಹೆ ಇಷ್ಟೆ: ಸಂಘದ ಗೋದಾಮಿನ ಒಂದು ಮೂಲೆಯಲ್ಲಿ ನಾಲ್ಕು ಟಾರ್ಪಾಲಿನ್, ಎರಡು ಔಷಧಿ ಪಂಪು, ಒಂದು ದೋಟಿ ಇಡೋಣ. ಜೊತೆಗೆ ಒಂದು ರಿಜಿಸ್ಟರು. ತೆಗೆದುಕೊಂಡು ಹೋದವರು ರುಜು ಹಾಕಲಿ, ತೊಳೆದು ತಂದಿಡಲಿ, ಸಣ್ಣ ಬಾಡಿಗೆ ಕೊಡಲಿ. ಸ್ವಂತಕ್ಕೆ ಕೊಳ್ಳಲು ಶಕ್ತಿಯಿಲ್ಲದ ಸಣ್ಣ ಹಿಡುವಳಿದಾರರಿಗೂ ಒಳ್ಳೆಯ ಸಾಮಾನು ಕೈಗೆ ಸಿಗಲಿ. ಮಹಾಸಭೆ ಇದನ್ನು ಒಪ್ಪಬೇಕೆಂದು ಕೋರುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.