ಊರಿಗೆ ನೂರು ತುಂಬುವಾಗ ನಮ್ಮ ಪೆಟ್ಟಿಗೆಯಲ್ಲೇನಿದೆ?

(ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಊರೊಂದು ತನ್ನ ಶತಮಾನೋತ್ಸವವನ್ನು ಆಚರಿಸುವಾಗ ಮೆರವಣಿಗೆಯಲ್ಲಿ ಯಾರನ್ನು ಮುಂದೆ ನಿಲ್ಲಿಸುತ್ತದೆ, ಪ್ರದರ್ಶನದ ಮೇಜಿನ ಮೇಲೆ ಏನನ್ನು ಇಡುತ್ತದೆ ಎಂಬುದನ್ನು ನೋಡಿದರೆ ಆ ಊರು ಯಾರನ್ನೆಲ್ಲ ತನ್ನವರೆಂದು ಬಗೆದಿದೆ ಎಂಬುದು ತಿಳಿಯುತ್ತದೆ. ಇದನ್ನು ನಾವು ಅಮೆರಿಕದ ಉತ್ತರ ಡಕೋಟ ರಾಜ್ಯದ ಸಣ್ಣ ಊರುಗಳ ಮೂಲಕ ಹೇಳಬಯಸುತ್ತೇವೆ. ಅಮೆರಿಕವೆಂದರೆ ಶ್ವೇತಭವನ ಮತ್ತು ಯುದ್ಧವಿಮಾನ ಎಂದಷ್ಟೇ ನಮ್ಮ ಕಣ್ಣಿಗೆ ಕಟ್ಟುವುದುಂಟು. ಆದರೆ ಅಲ್ಲಿಯೂ ಸಾವಿರ ಜನರಿಲ್ಲದ ಊರುಗಳಿವೆ, ಅವಕ್ಕೂ ಸುಖದುಃಖಗಳಿವೆ.

ಉತ್ತರ ಡಕೋಟದ ಪಶ್ಚಿಮ ಭಾಗದ ಅನೇಕ ಊರುಗಳು ಹುಟ್ಟಿದ್ದು ರೈಲಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳಿಯ ಪಕ್ಕದಲ್ಲಿ ನಿಲ್ದಾಣ, ಗೋಧಿ ಶೇಖರಿಸುವ ಮರದ ಗೋಪುರ, ನಾಲ್ಕಾರು ಅಂಗಡಿ, ಒಂದು ಶಾಲೆ ಎದ್ದುನಿಂತವು. ಆದ್ದರಿಂದಲೇ ಅವುಗಳಿಗೆ ನೂರು ತುಂಬಿದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಅಂತಹ ಉತ್ಸವದ ರೂಪವೂ ಬಹುತೇಕ ಒಂದೇ. ಹೊರಗೆ ಹೋಗಿ ನೆಲೆಸಿದವರು ಊರಿಗೆ ಮರಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಸೇರುತ್ತಾರೆ. ಮುಖ್ಯ ಬೀದಿಯಲ್ಲಿ ಮೆರವಣಿಗೆ ಸಾಗುತ್ತದೆ. ಆ ಮೆರವಣಿಗೆಯಲ್ಲಿ ಮಕ್ಕಳು ಕಾದುನಿಲ್ಲುವುದು ಅಗ್ನಿಶಾಮಕ ದಳಕ್ಕಾಗಿ. ಕೆಂಪು ವಾಹನ ಸೈರನ್ ಮೊಳಗಿಸುತ್ತ ಬರುತ್ತದೆ, ಅದರ ಮೇಲಿನಿಂದ ಮಿಠಾಯಿ ಎರಚುತ್ತಾರೆ.

ಇಲ್ಲೊಂದು ಸಂಗತಿಯನ್ನು ತಾವು ಗಮನಿಸಬೇಕು. ಆ ವಾಹನದ ಮೇಲಿರುವವರು ಸಂಬಳದ ನೌಕರರಲ್ಲ. ಅಮೆರಿಕದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಇಂದಿಗೂ ಸ್ವಯಂಸೇವಕರು. ಸಣ್ಣ ಊರುಗಳಲ್ಲಂತೂ ಹೊಲದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದವನೇ, ಅಂಗಡಿಯಲ್ಲಿ ತೂಕ ಹಾಕುತ್ತಿದ್ದವನೇ ಕೂಗು ಕೇಳಿದೊಡನೆ ಓಡಬೇಕು. ಹೊಸ ವಾಹನಕ್ಕೂ ಕೊಳವೆಗೂ ಬೇಕಾದ ಹಣದ ಒಂದು ಪಾಲನ್ನು ಸಾರ್ವಜನಿಕ ಉಪಾಹಾರ ಏರ್ಪಡಿಸಿ ಅವರೇ ಕೂಡಿಸುತ್ತಾರೆ. ಈ ಪದ್ಧತಿಗೆ ಉದ್ದನೆಯ ಇತಿಹಾಸವಿದೆ. 1736ರಲ್ಲಿ ಫಿಲಡೆಲ್ಫಿಯದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವರ ಸಂಗಡಿಗರು ಒಂದು ಸಂಘ ಕಟ್ಟಿಕೊಂಡರು. ಸದಸ್ಯರು ಚರ್ಮದ ಬಕೆಟ್‌ಗಳನ್ನೂ, ಮನೆಯ ಸಾಮಾನು ಹೊರಸಾಗಿಸಲು ಚೀಲಗಳನ್ನೂ ಸಿದ್ಧವಾಗಿಟ್ಟುಕೊಂಡು ಯಾರ ಮನೆಗೆ ಬೆಂಕಿ ಬಿದ್ದರೂ ಹೋಗಬೇಕೆಂಬುದು ಒಪ್ಪಂದ.

ಬಯಲುಸೀಮೆಯ ಆ ಮರದ ಊರುಗಳಿಗೆ ಬೆಂಕಿಯಷ್ಟು ದೊಡ್ಡ ಶತ್ರು ಬೇರೊಂದಿರಲಿಲ್ಲ. ಒಲೆಯ ಬೂದಿ, ರೈಲಿನ ಇಂಜಿನ್ನಿನ ಕಿಡಿ, ಒಣಹುಲ್ಲಿನ ಬಯಲು, ಅದರ ಮೇಲೆ ಬಿರುಗಾಳಿ. 1893ರ ಜೂನ್ 7ರಂದು ಅದೇ ರಾಜ್ಯದ ಫಾರ್ಗೋ ನಗರದ ವ್ಯಾಪಾರ ಕೇಂದ್ರದ ಬಹುಭಾಗ ಸುಟ್ಟುಹೋಯಿತು. ವರ್ಷ ತುಂಬಿದಾಗ ಆ ನಗರದವರು ಗೋಳಾಡಲಿಲ್ಲ. ಮತ್ತೆ ಕಟ್ಟಿದ್ದನ್ನು ತೋರಿಸಲು ‘ಬೆಂಕಿಯ ಉತ್ಸವ’ವನ್ನೇ ಆಚರಿಸಿದರು! ಹೀಗಿರುವಾಗ ಶತಮಾನೋತ್ಸವದ ಬೀದಿಯಲ್ಲಿ ಸಚಿವರಿಗಿಂತ ಅಗ್ನಿಶಾಮಕನಿಗೆ ಹೆಚ್ಚು ಚಪ್ಪಾಳೆ ಬೀಳುವುದರಲ್ಲಿ ಆಶ್ಚರ್ಯವೇನಿದೆ? (ನಮ್ಮಲ್ಲಿ ಉತ್ಸವವೆಂದರೆ ಮೊದಲು ಗಣ್ಯರ ಆಸನಗಳ ಪಟ್ಟಿ ತಯಾರಾಗುತ್ತದೆ, ಅದಿರಲಿ.)

ಇನ್ನು ಪ್ರದರ್ಶನದ ಮಾತು. ಶಾಲೆಯ ಸಭಾಂಗಣದಲ್ಲಿ ಮೇಜುಗಳನ್ನು ಜೋಡಿಸುತ್ತಾರೆ. ಅಜ್ಜಿಯರು ಹೊಲಿದ ಕೌದಿ, ಕುದುರೆ ಎಳೆದ ನೇಗಿಲು, ಶಾಲೆಯ ಹಾಜರಿ ಪುಸ್ತಕ, ಹಳೆಯ ಟೆಲಿಫೋನ್, ಮದುವೆಯ ಉಡುಪು, ಕೈಪಂಪು. ಇವೆಲ್ಲ ಸರಕಾರ ಕೊಟ್ಟದ್ದಲ್ಲ, ಮನೆಮನೆಯ ಪೆಟ್ಟಿಗೆಯಿಂದ ಬಂದದ್ದು. ಅನೇಕ ಊರುಗಳು ಶತಮಾನೋತ್ಸವದ ಗ್ರಂಥವನ್ನೂ ಹೊರತರುತ್ತವೆ. ಅದರಲ್ಲಿ ಪ್ರತಿ ಕುಟುಂಬವೂ ತನ್ನ ಕತೆಯನ್ನು ತಾನೇ ಬರೆದು ಕೊಡುತ್ತದೆ. ಬರೆದು ಕೊಟ್ಟವರು ಊರಿನ ಚರಿತ್ರೆಯಲ್ಲಿ ಉಳಿಯುತ್ತಾರೆ. ಕೊಡದವರು?

ಈ ‘ನೂರು ವರ್ಷ’ವೆಂಬ ಲೆಕ್ಕದಲ್ಲಿಯೇ ಒಂದು ಅನ್ಯಾಯವೂ ಅಡಗಿದೆ ಎಂಬುದನ್ನು ಮರೆಮಾಚಬಾರದು. ಲೆಕ್ಕ ಪ್ರಾರಂಭವಾಗುವುದು ರೈಲು ಬಂದ ದಿನದಿಂದ. ಅದಕ್ಕೂ ಮೊದಲು ಆ ಸೀಮೆಯಲ್ಲಿ ಮಂಡನ್, ಹಿಡಾಟ್ಸ, ಅರಿಕಾರ ಜನರಿದ್ದರು. ಅವರ ಶತಮಾನಗಳನ್ನು ಯಾವ ಮೆರವಣಿಗೆಯೂ ಎಣಿಸಲಿಲ್ಲ.

ಅದೇ ಸೀಮೆಯ ಮೌಂಟ್ರೇಲ್ ಕೌಂಟಿಯಲ್ಲಿ ರಾಸ್ ಎಂಬ ಪುಟ್ಟ ಊರಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆಗ ಉಸ್ಮಾನಿ ಸಾಮ್ರಾಜ್ಯದ ಆಡಳಿತದಲ್ಲಿದ್ದ ಸಿರಿಯಾ ಪ್ರಾಂತದಿಂದ ಮುಸ್ಲಿಮ್ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಭೂಮಿ ಪಡೆದು ಐದು ವರ್ಷ ಅಲ್ಲೇ ವಾಸಿಸಿ ಉಳುಮೆ ಮಾಡಿದರೆ ಅದು ಸ್ವಂತವಾಗುತ್ತಿತ್ತು. ಹಿಮದ ನಾಡಿನಲ್ಲಿ ಅವರು ಗೋಧಿ ಬೆಳೆದರು, ಮನೆಗಳಲ್ಲಿಯೇ ನಮಾಝ್ ನಿರ್ವಹಿಸಿದರು, ರಮಝಾನಿನ ಉಪವಾಸ ಆಚರಿಸಿದರು. 1929ರಲ್ಲಿ ಅರ್ಧ ನೆಲದೊಳಗೆ, ಅರ್ಧ ಮೇಲೆ ಇರುವಂತಹ ಒಂದು ತಗ್ಗಾದ ಮಸೀದಿಯನ್ನು ಕಟ್ಟಿದರು. ಅಮೆರಿಕದಲ್ಲಿ ಮಸೀದಿಗೆಂದೇ ಕಟ್ಟಲ್ಪಟ್ಟ ಮೊದಮೊದಲ ಕಟ್ಟಡಗಳಲ್ಲಿ ಇದೊಂದು.

ಮುಂದೇನಾಯಿತು? ಮಕ್ಕಳು ಊರು ಬಿಟ್ಟರು, ಭಾಷೆ ಮರೆತರು, ಅನೇಕರು ಬೇರೆ ಸಮುದಾಯಗಳಲ್ಲಿ ಬೆರೆತುಹೋದರು. ಪಾಳುಬಿದ್ದ ಆ ಮಸೀದಿಯನ್ನು 1970ರ ದಶಕದಲ್ಲಿ ಕೆಡವಲಾಯಿತು. ಉಳಿದದ್ದು ಬಯಲಿನ ನಡುವಿನ ಖಬರಸ್ತಾನ. 2005ರಲ್ಲಿ ಆ ನೆನಪಿಗಾಗಿ ಅಲ್ಲೊಂದು ಪುಟ್ಟ ಮಸೀದಿಯನ್ನು ಮತ್ತೆ ಕಟ್ಟಿದರು.

ಹಾಗಾದರೆ ಅವರು ಹೇಗೆ ನಮಾಝ್ ಮಾಡುತ್ತಿದ್ದರು, ಹೇಗೆ ಬದುಕುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಹೇಗೆ? 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರಕಾರವು ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲು ಒಂದು ಯೋಜನೆ ಹಾಕಿತು. ಅದರಂತೆ ಬಂದವರು ಈ ರೈತರ ಮನೆಗೂ ಹೋಗಿ, ಹಿರಿಯರನ್ನು ಕೂರಿಸಿಕೊಂಡು ಅವರ ಮಾತುಗಳನ್ನು ಬರೆದುಕೊಂಡರು. ಆ ಹಾಳೆಗಳು ಉಳಿದವು. ಆದ್ದರಿಂದ ರಾಸ್‌ನ ಮುಸ್ಲಿಮರು ಉಳಿದರು. ಮಸೀದಿಯ ಗೋಡೆಗಿಂತ ಒಂದು ಕಾಗದ ಹೆಚ್ಚು ಬಾಳಿತು!

ಇದರ ಪಕ್ಕದಲ್ಲಿ ಅಯೋವ ರಾಜ್ಯದ ಸೀಡರ್ ರ‍್ಯಾಪಿಡ್ಸ್ ನಗರದ ಕತೆಯನ್ನಿಡೋಣ. ಅದು ಸಣ್ಣ ಊರಲ್ಲ, ಆದರೆ ಅಲ್ಲಿನ ಮಸೀದಿ ಸಣ್ಣದು. 1934ರಲ್ಲಿ ಕಟ್ಟಿದ್ದು; ಅಮೆರಿಕದಲ್ಲಿ ಮಸೀದಿಗೆಂದೇ ಕಟ್ಟಿ ಇಂದಿಗೂ ನಿಂತಿರುವುದರಲ್ಲಿ ಅತಿ ಹಳೆಯದು. ಹೊಸ ಕೇಂದ್ರವಾದ ಬಳಿಕ ಅದು ಮಾರಾಟವಾಗಿ ಕೆಲಕಾಲ ಚರ್ಚ್ ಆಗಿಯೂ ಇತ್ತು. 1990ರ ಸುಮಾರಿಗೆ ಮುಸ್ಲಿಮರು ಅದನ್ನು ಮರಳಿ ಕೊಂಡು ದುರಸ್ತಿ ಮಾಡಿದರು. 2008ರ ಜೂನ್ ತಿಂಗಳ ಭೀಕರ ಪ್ರವಾಹದಲ್ಲಿ ಅದರ ನೆಲಮಾಳಿಗೆಗೆ ನೀರು ನುಗ್ಗಿತು. ಕಟ್ಟಡ ಉಳಿಯಿತು, ನೆಲಮಾಳಿಗೆಯಲ್ಲಿದ್ದ ಹಳೆಯ ದಾಖಲೆಗಳು ನೀರಿನ ಪಾಲಾದವು. ಮರಳಿ ಕೊಳ್ಳಲು ಸಾಧ್ಯವಾಗದ್ದು ಅದೊಂದೇ.

ಸಹೋದರ ಸಹೋದರಿಯರೇ, ನಮ್ಮ ಪಟ್ಟಣಗಳಲ್ಲಿಯೂ ಶಾಲೆಗಳ, ಪುರಸಭೆಗಳ, ಸಹಕಾರ ಸಂಘಗಳ ಶತಮಾನೋತ್ಸವಗಳು ನಡೆಯುತ್ತಿವೆ. ಸ್ಮರಣ ಸಂಚಿಕೆಗಳಲ್ಲಿ ನಮ್ಮ ಹಿರಿಯರ ಹೆಸರು ಕಾಣದಿದ್ದಾಗ ನಾವು ತಾರತಮ್ಯವೆಂದು ದೂರುತ್ತೇವೆ. ಹಲವೆಡೆ ಅದು ತಾರತಮ್ಯವೇ ಹೌದು. ಆದರೆ ಸಂಚಿಕೆಯ ಸಮಿತಿಯವರು ಫೋಟೊ ಕೇಳಿಕೊಂಡು ಬಾಗಿಲಿಗೆ ಬಂದರೆ ಕೊಡಲು ನಮ್ಮಲ್ಲಿ ಏನಿದೆ? 2025ರ ಜೂನ್‌ನಲ್ಲಿ ವಕ್ಫ್ ಆಸ್ತಿಗಳ ವಿವರ ತುಂಬಲು ‘ಉಮೀದ್’ ಪೋರ್ಟಲ್ ತೆರೆದು ಆರು ತಿಂಗಳ ಗಡುವು ವಿಧಿಸಲಾಯಿತು. ಆ ಕಾನೂನಿನ ಬಗ್ಗೆ ನಮ್ಮ ಆಕ್ಷೇಪ ಬೇರೆ ಮಾತು. ಆದರೆ ಅಜ್ಜ ಬರೆದುಕೊಟ್ಟ ದಾನಪತ್ರ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಮನೆಯಲ್ಲಿಯೇ ಇರಬೇಕಿತ್ತಲ್ಲವೇ?

ಕಾಗದದಷ್ಟೇ ಮುಖ್ಯವಾದದ್ದು ಸೇವೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕವನ್ನೂ ಹೇರಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿದಾಗ ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ನೆನಪಿಗಾಗಿಯೇ ದೇಶದಾದ್ಯಂತ ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರ ನಮ್ಮ ಮೊಹಲ್ಲಾದ ಹುಡುಗರು ಠಾಣೆಗೆ ಹೋಗಿ ಗ್ಯಾಸ್ ಸಿಲಿಂಡರಿನ ಬೆಂಕಿ ನಂದಿಸುವುದನ್ನು ಕಲಿಯಲಿ, ಮಹಿಳೆಯರಿಗೂ ಕಲಿಸಲಿ. ಇಕ್ಕಟ್ಟಿನ ಓಣಿಯಲ್ಲಿ ದೊಡ್ಡ ವಾಹನ ಬಾರದಿದ್ದಾಗ ಮೊದಲ ಹತ್ತು ನಿಮಿಷ ಅವರೇ ಅಗ್ನಿಶಾಮಕರು.

ಉಳಿದದ್ದು ನಿಮ್ಮ ಮನೆಯ ಕೆಲಸ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಈ ಮಳೆಗಾಲಕ್ಕೆ ಮುನ್ನ ಇಳಿಸಿರಿ. ನಿಕಾಹದ ದಫ್ತರ, ಉರ್ದು ಶಾಲೆಯ ಪಟ್ಟಿ, ಬೀಡಿ ಕೆಲಸದ ಪುಸ್ತಕ, ಜವಳಿ ಅಂಗಡಿಯ ಲೆಕ್ಕ, ಅಜ್ಜಿಯ ಫೋಟೊ — ಯಾವುದನ್ನೂ ಹಳೆಯ ಕಾಗದವೆಂದು ಗುಜರಿಯವನಿಗೆ ಹಾಕಬೇಡಿ. ಪ್ರತಿಯೊಂದರ ಹಿಂದೆ ಹೆಸರು, ವರ್ಷ ಬರೆಯಿರಿ. ಎರಡು ನಕಲು ತೆಗೆದು ಒಂದನ್ನು ಬೇರೆ ಮನೆಯಲ್ಲಿಡಿ. ಎಂಬತ್ತು ದಾಟಿದ ಹಿರಿಯರಿದ್ದರೆ ಈ ರವಿವಾರವೇ ಅವರ ಮುಂದೆ ಕುಳಿತು, ನಮ್ಮವರು ಈ ಊರಿಗೆ ಯಾವಾಗ ಬಂದರು, ಏನು ಕೆಲಸ ಮಾಡಿದರು ಎಂದು ಕೇಳಿ ಬರೆದುಕೊಳ್ಳಿರಿ.