ಗುಲಾಬಿ ಗಿಡವೂ ಕೈಗುಣವೂ



ಮುಂಬಯಿ, ಪುಣೆ ಕಡೆಯ ನಮ್ಮವರ ಮನೆಯ ಬಾಲ್ಕನಿಯಲ್ಲಿ ಏನೇನಿರುತ್ತದೆ ಹೇಳಿ? ಒಂದು ತುಳಸಿ, ಒಂದು ಕರಿಬೇವು, ಬಟ್ಟೆ ಒಣಹಾಕುವ ಹಗ್ಗ. ಮೂಲೆಯಲ್ಲಿ ಒಣಗಿ ನಿಂತ ಒಂದು ಗುಲಾಬಿ ಕಡ್ಡಿ! ನರ್ಸರಿಯಿಂದ ತಂದಾಗ ಅದರಲ್ಲಿ ಮೂರು ಹೂ, ಎರಡು ಮೊಗ್ಗು ಇದ್ದವು. ತಿಂಗಳಾಗುವಷ್ಟರಲ್ಲಿ ಎಲೆ ಉದುರಿತು. "ನನ್ನ ಕೈಗುಣವೇ ಸರಿಯಿಲ್ಲ" ಎಂದು ಮನೆಯಾಕೆ ಸುಮ್ಮನಾಗಿಬಿಡುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಇದರಲ್ಲಿ ಕೈಗುಣದ ಮಾತೇ ಇಲ್ಲ. ಬಿಸಿಲು, ಮಣ್ಣು, ಕತ್ತರಿ, ಈ ಮೂರರ ಲೆಕ್ಕ ಗೊತ್ತಿದ್ದರೆ ಗುಲಾಬಿ ಯಾರ ಕೈಯಲ್ಲಾದರೂ ಅರಳುತ್ತದೆ.

ಮೊದಲು ಬಿಸಿಲು. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಪೂರ್ವದ ಬಾಲ್ಕನಿಯಿದ್ದರೆ ನೀವು ಪುಣ್ಯವಂತರು, ಬೆಳಗಿನ ಬಿಸಿಲು ಎಲ್ಲಕ್ಕಿಂತ ಒಳ್ಳೆಯದು. ಎದುರು ಕಟ್ಟಡದ ನೆರಳು ದಿನವಿಡೀ ಬೀಳುವ ಕಡೆ ಗುಲಾಬಿ ಇಡಬೇಡಿ. ಎಷ್ಟು ಗೊಬ್ಬರ ಹಾಕಿದರೂ ಕಡ್ಡಿ ಉದ್ದವಾದೀತೇ ಹೊರತು ಹೂ ಬಾರದು. ಅಲ್ಲಿಗೆ ಮನಿಪ್ಲಾಂಟೇ ಸರಿ.

ಇನ್ನು ಮಣ್ಣು. ನರ್ಸರಿಯ ಗಿಡ ಸಾಮಾನ್ಯವಾಗಿ ಒಂದು ಗಟ್ಟಿ ಜೇಡಿಮಣ್ಣಿನ ಉಂಡೆಯಲ್ಲಿರುತ್ತದೆ. ಆ ಉಂಡೆಯನ್ನು ಹಾಗೇ ಹೊಸ ಕುಂಡದಲ್ಲಿ ಹೂತರೆ, ನೀವು ಹಾಕುವ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ. ಒಳಗೆ ಬೇರು ಒಣಗಿ ಸಾಯುತ್ತದೆ, ಮೇಲೆ ನೋಡಿದರೆ ಮಣ್ಣು ಹಸಿಯಾಗಿಯೇ ಇರುತ್ತದೆ! ಅದಕ್ಕೇ ಗಿಡ ತಂದ ಕೂಡಲೇ ಕುಂಡ ಬದಲಿಸದೆ ಹತ್ತು ದಿನ ಅದನ್ನು ನಿಮ್ಮ ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ ಉಂಡೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಇಟ್ಟು, ಬೇರು ಹರಿಯದಂತೆ ಹೊರಗಿನ ಜೇಡಿಯನ್ನಷ್ಟೇ ಬಿಡಿಸಿ. ಕನಿಷ್ಠ 12 ಇಂಚಿನ ಕುಂಡ, ತಳದಲ್ಲಿ ತೂತು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಕೊಳೆತ ಸಗಣಿ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಬೆರಳು ಒಂದಿಂಚು ಒಳಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು.

ನೀರೆಂದಾಗ ಇನ್ನೊಂದು ಮಾತು. ಕುಂಡದ ನೀರು ಕೆಳಗಿನ ಮನೆಯವರ ಬಟ್ಟೆಯ ಮೇಲೆ ತೊಟ್ಟಿಕ್ಕಿ ಸೊಸೈಟಿ ಮೀಟಿಂಗಿನವರೆಗೂ ಹೋದ ಜಗಳಗಳುಂಟು. ಕೆಳಗೊಂದು ತಟ್ಟೆ ಇಡಿ. ಆದರೆ ಆ ತಟ್ಟೆಯಲ್ಲಿ ನಿಂತ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ ಒರೆಸಿ. ಹೂವಿಗಿಂತ ಮನೆಯ ಮಕ್ಕಳು ದೊಡ್ಡವರು.

ಈಗ ಬಹಳ ಜನ ಗಮನಿಸದ ಸಂಗತಿ. ನಾವು ಕೊಳ್ಳುವ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚಾಗಿ ಕಸಿ ಗಿಡಗಳು. ಬೇರು ಒಂದು ಕಾಡು ಜಾತಿಯದು, ಮೇಲಿನ ಕೊಂಬೆ ನಾವು ಬಯಸಿದ ಜಾತಿಯದು. ಬುಡದ ಹತ್ತಿರ ಗಂಟಿನಂತೆ ಕಾಣುವುದೇ ಕಸಿಯ ಜಾಗ. ನೆಡುವಾಗ ಅದು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗಿನಿಂದ ಒಂದು ಚಿಗುರು ಭರಭರನೆ ಏಳುತ್ತದೆ. ಗಿಡ ಚೇತರಿಸಿತೆಂದು ನಮಗೆ ಸಂತೋಷ. ಆದರೆ ಅದು ಬೇರಿನ ಕಾಡುಚಿಗುರು. ಬಿಟ್ಟರೆ ವರ್ಷದೊಳಗೆ ಮೇಲಿನ ಗುಲಾಬಿಯ ಆಹಾರವನ್ನೆಲ್ಲ ಅದೇ ಹೀರಿಬಿಡುತ್ತದೆ. "ಕೆಂಪು ಗುಲಾಬಿ ತಂದಿದ್ದೆ, ಈಗ ಹೂವೇ ಇಲ್ಲ" ಎನ್ನುವವರ ಕಥೆ ಅನೇಕ ಸಲ ಇದೇ. ಎಲೆ ಎಣಿಸಿ ಗುರುತಿಸಲು ಹೋಗಬೇಡಿ, ಮೋಸ ಹೋಗುತ್ತೀರಿ. ಚಿಗುರು ಎಲ್ಲಿಂದ ಹೊರಟಿದೆ ಎಂದು ಬುಡದವರೆಗೆ ಹಿಂಬಾಲಿಸಿ. ಗಂಟಿನ ಕೆಳಗಾದರೆ ಕತ್ತರಿಸದೆ ಬುಡಸಮೇತ ಕಿತ್ತು ತೆಗೆಯಿರಿ. ಗಂಟಿನ ಮೇಲಾದರೆ ಮುಟ್ಟಲೇಬೇಡಿ, ಮುಂದಿನ ವರ್ಷದ ಹೂವೆಲ್ಲ ಅದರಲ್ಲೇ ಇದೆ.

ಕತ್ತರಿಯ ವಿಷಯಕ್ಕೆ ಬರೋಣ. ಇಲ್ಲೇ ನಾವು ಹೊರನಾಡಿನವರು ಎಡವುವುದು. ಬೆಂಗಳೂರಿನ ತಂಪಿನಲ್ಲಿ ಗುಲಾಬಿ ಹೆಚ್ಚುಕಡಿಮೆ ವರ್ಷವಿಡೀ ಹೂ ಕೊಡುತ್ತದೆ. ಊರಿನಿಂದ ಅಮ್ಮ ಫೋನಿನಲ್ಲಿ ಹೇಳುವ ಲೆಕ್ಕ ದೆಹಲಿಯಲ್ಲಿ ನಡೆಯುವುದಿಲ್ಲ. ಇಂಗ್ಲೆಂಡಿನ ಪುಸ್ತಕಗಳು ಚಳಿ ಮುಗಿಯುವ ಹೊತ್ತಿಗೆ ಸವರಿ ಎನ್ನುತ್ತವೆ, ಅದೂ ನಮಗಲ್ಲ. ದೆಹಲಿಯಲ್ಲಿ ಅಕ್ಟೋಬರ್ ಮಧ್ಯದಲ್ಲಿ ಸವರಬೇಕು. ಆರೇಳು ವಾರಕ್ಕೆ ಚಳಿಯ ಹೂ ಬರುತ್ತದೆ. ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಮಳೆ ಪೂರ್ತಿ ನಿಂತ ಮೇಲೆ ಅಕ್ಟೋಬರಿನಲ್ಲಿ. ಚೆನ್ನೈನಲ್ಲಿ ದೊಡ್ಡ ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್, ಅದು ಇಳಿದ ಮೇಲೆ ಕತ್ತರಿ ಹಿಡಿಯುವುದು ಕ್ಷೇಮ. ಒಣಗಿದ, ಪೀಚಲು, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದು, ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಹೊರಮುಖವಾದ ಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಬಾಡಿದ ಹೂವನ್ನೂ ಗಿಡದಲ್ಲಿ ಬಿಡದೆ, ಕೆಳಗಿನ ಐದೆಲೆಯ ಗೆಣ್ಣಿನ ಮೇಲೆ ಕತ್ತರಿಸಿ.

ಮಳೆಗಾಲದಲ್ಲಿ ಎಲೆಯ ಮೇಲೆ ಕಪ್ಪು ಚುಕ್ಕೆ ಎದ್ದು, ಎಲೆ ಹಳದಿಯಾಗಿ ಉದುರುತ್ತದೆ. ಇದು ಶಿಲೀಂಧ್ರದ ಕೆಲಸ. ಎಲೆ ಗಂಟೆಗಟ್ಟಲೆ ಒದ್ದೆಯಿದ್ದರೆ ಹಬ್ಬುತ್ತದೆ. ಅದಕ್ಕೇ ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ. ಉದುರಿದ ಎಲೆಯನ್ನು ಕುಂಡದಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಕೂರುತ್ತದೆ. ಆಗ ಮಾತ್ರ ಬೆಳಗಿನ ಹೊತ್ತು ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ. ಹೇನು ಬಂದರೆ ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಕಿ ಸಂಜೆ ಸಿಂಪಡಿಸಿ.

"ನಮ್ಮ ಸೆಕೆಗೆ ಗುಲಾಬಿ ಎಲ್ಲಿಯದು?" ಎನ್ನಬೇಡಿ. ಗೋಧಿ ತಳಿಗಳಿಗಾಗಿ ಹೆಸರಾದ ಡಾ. ಬಿ.ಪಿ. ಪಾಲ್ ದೆಹಲಿಯಲ್ಲಿ ಹೊಸ ಗುಲಾಬಿ ತಳಿಗಳನ್ನೂ ಬೆಳೆಸಿದರು. ಕೊಡೈಕೆನಾಲಿನ ಎಂ.ಎಸ್. ವೀರರಾಘವನ್ ನಮ್ಮ ದೇಶದ ಕಾಡುಗುಲಾಬಿಗಳನ್ನೇ ಬಳಸಿ ಸೆಕೆ ತಾಳುವ ತಳಿಗಳಿಗಾಗಿ ದುಡಿದವರು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ 'ಅರ್ಕಾ' ಹೆಸರಿನ ಗುಲಾಬಿ ತಳಿಗಳನ್ನು ಕೊಟ್ಟಿದೆ. ಮೊದಲ ಸಲ ಬೆಳೆಸುವವರು ಪನ್ನೀರು ಗುಲಾಬಿಯಿಂದಲೇ ಶುರುಮಾಡಿ. ಹೂ ದೊಡ್ಡದಲ್ಲ, ಆದರೆ ಗಿಡ ಗಟ್ಟಿ, ಪರಿಮಳ ಮನೆ ತುಂಬ.

ಕೊನೆಗೊಂದು ಮಾತು. ಆ ಒಣಕಡ್ಡಿಯನ್ನು ಎಸೆಯುವ ಮುಂಚೆ, ಕಸಿಯ ಗಂಟಿನ ಮೇಲೆ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ ಎಂದರ್ಥ. ಒಣಗಿದ ಭಾಗ ತೆಗೆದು, ಬೆಳಗಿನ ಬಿಸಿಲಿಗಿಟ್ಟು, ಗೊಬ್ಬರ ಹಾಕದೆ ಮೂರು ವಾರ ಕಾಯಿರಿ. ಚಿಗುರಿದರೆ ನಮಗೂ ಒಂದು ಕಾರ್ಡು ಬರೆಯಿರಿ.